ನಡುವಿನವಳ ಕೌದಿ

ನಮ್ಮ ದೊಡ್ಡಪ್ಪ ಅಂದರೆ ಅಮ್ಮನ ಅಕ್ಕನ ಗಂಡ. ಉಡುಪು ತಯಾರಿಸುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗಕ್ಕೆ ಅವರೇ ಹಿರಿಯರು. ಅಲ್ಲಿ ಎಲ್ಲರೂ ಅವರನ್ನು ಕಟಿಂಗ್ ಮಾಸ್ತರು ಅನ್ನುತ್ತಿದ್ದರು, ಮನೆಯ ಬೀದಿಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನೆಟ್ಟಗೆ ನಿಂತ ಅಲಗಿನ ಯಂತ್ರವನ್ನು ಆ ಗೆರೆಯ ಗುಂಟ ತಳ್ಳಿಕೊಂಡು ಹೋಗುವುದು ಅವರ ಕೆಲಸ. ಕೈ ಒಂದು ಸಲ ಅಲುಗಿದರೆ ಕೆಡುವುದು ಒಂದು ಅಂಗಿಯಲ್ಲ, ಆ ಅಟ್ಟಿಯಲ್ಲಿರುವ ಅಂಗಿಗಳೆಲ್ಲ. ದೊಡ್ಡಪ್ಪನ ಕೈ ಅಲುಗುತ್ತಿರಲಿಲ್ಲ.

ಮನೆಗೆ ಬರುವಾಗ ಅವರ ಚೀಲದಲ್ಲಿ ಬಟ್ಟೆಯ ತುಂಡುಗಳಿರುತ್ತಿದ್ದವು. ಥಾನಿನ ಕೊನೆಯಲ್ಲಿ ಉಳಿದದ್ದು, ಬಣ್ಣ ಕೂಡದೆ ಬಿಟ್ಟದ್ದು. ಮೂವರು ಹೆಣ್ಣುಮಕ್ಕಳು ಅದಕ್ಕಾಗಿ ಕಾಯುತ್ತಿದ್ದರು. ದೊಡ್ಡವಳಿಗೆ ನೀಲಿ, ಚಿಕ್ಕವಳಿಗೆ ಹಸಿರು. ನಡುವಿನವಳಿಗೆ ಇದೇ ಬಣ್ಣ ಅಂತಿರಲಿಲ್ಲ, ಕಣ್ಣಿಗೆ ರಾಚುವುದೆಲ್ಲ ಅವಳಿಗೇ ಬೇಕು. ಒಬ್ಬೊಬ್ಬಳಿಗೂ ಒಂದೊಂದು ಕೌದಿ ಹೊಲಿದು ಕೊಡುತ್ತೇನೆ ಎಂದು ದೊಡ್ಡಪ್ಪ ಮಾತು ಕೊಟ್ಟಿದ್ದರು. ಭಾನುವಾರ ಊಟವಾದ ಮೇಲೆ ಕೂತು ತುಂಡುಗಳನ್ನೆಲ್ಲ ಒಂದೇ ಅಳತೆಗೆ ಚೌಕವಾಗಿ ಕತ್ತರಿಸಿ, ಮೂರು ಗಂಟು ಕಟ್ಟಿಟ್ಟರು. ಕತ್ತರಿಸುವುದು ಅವರಿಗೆ ಆಟ. ಹೊಲಿಯುವುದಕ್ಕೆ ಮಾತ್ರ ಬಿಡುವು ಸಿಗಲಿಲ್ಲ. ದೊಡ್ಡವಳ ಮದುವೆಯಾಯಿತು, ಕೌದಿ ಆಗಲಿಲ್ಲ. ನಡುವಿನವಳ ಮದುವೆಯೂ ಆಯಿತು. ಮನೆಯಲ್ಲಿ ಆಗದ ಹೋಗದ ಕೆಲಸಕ್ಕೆಲ್ಲ ‘ಅಪ್ಪನ ಕೌದಿ’ ಅಂತಲೇ ಹೆಸರು ಬಿತ್ತು. ಸೋರುವ ನಲ್ಲಿ ಯಾವಾಗ ರಿಪೇರಿ ಅಂತ ದೊಡ್ಡಮ್ಮ ಕೇಳಿದರೆ, “ಕೌದಿ ಆದ ಮಾರನೇ ದಿನ” ಅಂತ ತವರಿಗೆ ಬಂದ ನಡುವಿನವಳು ಒಳಗಿನಿಂದಲೇ ಕೂಗುತ್ತಿದ್ದಳು. ದೊಡ್ಡಪ್ಪನೂ ನಗುತ್ತಿದ್ದರು.

ಆ ನಡುವಿನವಳನ್ನು ನಾವೆಲ್ಲ ಮಲ್ಲಿ ಅಂತ ಕರೆಯುತ್ತಿದ್ದೆವು. ಅದು ಇಟ್ಟ ಹೆಸರಲ್ಲ. ಮಾತಿನಮಲ್ಲಿ ಅನ್ನುವುದು ಸವೆದು ಸವೆದು ಅಷ್ಟೇ ಉಳಿದಿತ್ತು. ನನಗಿಂತ ಸ್ವಲ್ಪ ದೊಡ್ಡವಳು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಅವಳ ಕೆಲಸ. ಸಿಡುಕಿಕೊಂಡು ಬಂದವರನ್ನೂ ಒಂದು ಮಾತಿನಲ್ಲಿ ನಗಿಸಿ ಕಳಿಸುತ್ತಿದ್ದಳು.

ಚಿಕ್ಕವಳ ಮದುವೆ ಗೊತ್ತಾದ ಹೊತ್ತಿನಲ್ಲೇ ಕಾರ್ಖಾನೆಯಲ್ಲಿ ದೊಡ್ಡಪ್ಪನ ಬಲಗೈ ಅಲಗಿಗೆ ಸಿಕ್ಕಿತು. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಹೋದವು. ಹೆಬ್ಬೆರಳು ಉಳಿಯಿತು, ಆದರೆ ಮಡಚಲು ಬಾರದು. ಕೆಲಸದಿಂದ ತೆಗೆಯಲಿಲ್ಲ, ಗೇಟಿನ ಬಳಿ ಕುರ್ಚಿ ಹಾಕಿಕೊಟ್ಟರು. ಬರುವ ಲಾರಿಗೆ ಗೇಟು ತೆಗೆಯುವುದು, ಹೋದ ಮೇಲೆ ಮುಚ್ಚುವುದು. ತಾವೇ ಕೈ ಹಿಡಿದು ಕೆಲಸ ಕಲಿಸಿದ ಹುಡುಗರು ಬೆಳಗ್ಗೆ ಒಳಗೆ ಹೋಗುವಾಗ “ನಮಸ್ಕಾರ ಮಾಸ್ತರೇ” ಅನ್ನುತ್ತಿದ್ದರು. ಅದೊಂದು ಅವರಿಗೆ ಸೇರುತ್ತಿರಲಿಲ್ಲ.

ಅಂದಿನಿಂದ ಅವರು ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ ಎಂದರೂ ನಡೆದೀತು. ಉಣ್ಣುವಾಗಲೂ ಗೋಡೆ ಕಡೆ ತಿರುಗಿ ಕೂರುತ್ತಿದ್ದರು. ಮೂರು ಗಂಟುಗಳು ಅಟ್ಟ ಸೇರಿದವು. ಮನೆಯಲ್ಲಿದ್ದ ದೊಡ್ಡ ಕತ್ತರಿಯನ್ನು ಅವರು ಪಕ್ಕದ ಓಣಿಯ ದರ್ಜಿಗೆ ಸುಮ್ಮನೆ ಕೊಟ್ಟು ಬಂದರು. ಆ ದಿನ ದೊಡ್ಡಮ್ಮ ಅಡುಗೆಮನೆಯಲ್ಲಿ ಅತ್ತರಂತೆ. ಕೌದಿಯ ಮಾತನ್ನು ತಮಾಷೆಗೂ ಯಾರೂ ಎತ್ತಬಾರದು ಎಂದು ಮಕ್ಕಳಿಗೆ ಹೇಳಿದರು. ಮಲ್ಲಿಯ ಬಾಯಿಗೂ ಬೀಗ ಬಿತ್ತು. ಹೀಗೆ ವರ್ಷಗಳು ಕಳೆದವು. ದೊಡ್ಡಪ್ಪ ಗೇಟಿನ ಕೆಲಸದಿಂದಲೂ ನಿವೃತ್ತರಾದರು.

ಆಮೇಲೆ ಮಲ್ಲಿಯ ಕಾಯಿಲೆ. ಮೊದಲು ಕಾಲು ಊದಿಕೊಂಡಿತು, ನಿಂತು ನಿಂತು ಹಾಗಾಗಿದೆ ಅಂದುಕೊಂಡಳು. ಮುಖವೂ ಊದಿಕೊಂಡಾಗ ಆಸ್ಪತ್ರೆಗೆ ಹೋದರು. ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ, ದಿನ ಬಿಟ್ಟು ದಿನ ಡಯಾಲಿಸಿಸ್ ಆಗಬೇಕು ಅಂದರು. ದೊಡ್ಡಮ್ಮನ ಕಿಡ್ನಿ ಹೊಂದಲಿಲ್ಲ, ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಗಂಡನ ರಕ್ತದ ಗುಂಪೇ ಬೇರೆ. ಅಕ್ಕ ಕೊಡಲು ಸಿದ್ಧಳಿದ್ದಳು, ಅವಳ ಪರೀಕ್ಷೆಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಇದ್ದವು. ಆಸ್ಪತ್ರೆಗೆ ಹತ್ತಿರ ಎಂದು ಮಲ್ಲಿ ತವರಿಗೆ ಬಂದು ಉಳಿದಳು. ಅವಳ ಗಂಡ ಎಲೆಕ್ಟ್ರಿಷಿಯನ್. ಕೆಲಸ ಮುಗಿಸಿ ಸಂಜೆ ಬಂದು, ಅವಳ ಕಾಲು ಒತ್ತಿ, ಊಟ ಮಾಡಿ ಹೋಗುತ್ತಿದ್ದ. ಮಾತು ಕಡಿಮೆಯ ಮನುಷ್ಯ. ನಮ್ಮಿಬ್ಬರ ಪಾಲಿನದ್ದನ್ನೂ ನಾನೇ ಆಡಿಬಿಡುತ್ತೇನೆ ಅಂತ ಮಲ್ಲಿ ಹೇಳುತ್ತಿದ್ದಳು.

ಆಸ್ಪತ್ರೆಗೆ ಅವಳ ಜೊತೆ ಹೋಗುವುದು ದೊಡ್ಡಪ್ಪನ ಪಾಲಿಗೆ ಬಂತು. ಆ ಕೋಣೆಯಲ್ಲಿ ಸಾಲಾಗಿ ಮಂಚಗಳು, ಪ್ರತಿ ಮಂಚದ ತಲೆದೆಸೆಗೊಂದು ಯಂತ್ರ. ಕೈಗೆ ಚುಚ್ಚಿದ ನಳಿಕೆಯಲ್ಲಿ ರಕ್ತ ಹೊರಗೆ ಹೋಗಿ, ಸುತ್ತಿ, ಮತ್ತೆ ಒಳಗೆ ಬರುತ್ತಿತ್ತು. ಯಂತ್ರಗಳಿಗಾಗಿ ಕೋಣೆಯನ್ನು ತಣ್ಣಗಿಟ್ಟಿದ್ದರು. ಆಸ್ಪತ್ರೆಯ ಹೊದಿಕೆ ಒಗೆದು ಒಗೆದು ಜಾಳಾಗಿತ್ತು. ಮಲ್ಲಿ ಗಡಗಡ ನಡುಗುತ್ತಿದ್ದಳು. ದೊಡ್ಡಪ್ಪ ಎಡಗೈಯಿಂದ ಅವಳ ಪಾದ ತಿಕ್ಕುತ್ತ ಕೂರುತ್ತಿದ್ದರು.

ಒಂದು ದಿನ ಹಾಗೆ ನಡುಗುತ್ತಲೇ ಅವಳು ಕೇಳಿದಳು, “ಅಪ್ಪಾ, ನನ್ನ ಕೌದಿ ಎಲ್ಲಿ?”

ದೊಡ್ಡಪ್ಪ ತಿಕ್ಕುವುದನ್ನು ನಿಲ್ಲಿಸಿದರು.

“ಈಗಲಾದ್ರೂ ಕೊಡಪ್ಪ. ಹಲ್ಲು ಕಟಕಟ ಅಂತಿದೆ. ಪಕ್ಕದ ಮಂಚದವರು ನಾನು ಕಡಲೆ ತಿಂತಿದೀನಿ ಅಂದ್ಕೊಂಡಿದಾರೆ.”

ದೊಡ್ಡಪ್ಪ ಮನೆಗೆ ಬಂದವರೇ ಏಣಿ ಹಾಕಿ ಅಟ್ಟ ಹತ್ತಿದರು. ದೊಡ್ಡಮ್ಮ ಏಣಿ ಹಿಡಿದುಕೊಂಡು, “ಏನ್ರೀ, ಏನು ಹುಡುಕ್ತಿದೀರಿ? ಹೇಳಿದ್ರೆ ನಾನೇ ಯಾರಿಗಾದ್ರೂ ಹೇಳಿ ತೆಗೆಸ್ತೀನಲ್ಲ” ಅನ್ನುವಷ್ಟರಲ್ಲಿ ಧೂಳು ಹಿಡಿದ ಗಂಟೊಂದು ಮೇಲಿನಿಂದ ಕೆಳಗೆ ಬಿತ್ತು. ಅದರ ಬಾಯಿಂದ ಕೆಂಪು, ಅರಿಶಿನ, ನೇರಳೆ ಚೌಕಗಳು ಇಣುಕಿದವು.

ಎಡಗೈಯಲ್ಲಿ ಹೊಲಿಯಲು ಕಲಿಯುವುದು ನೋಡಲಾಗದ ಪಾಡಾಗಿತ್ತು. ಹಳೆಯ ಹಾಸಿಗೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಚೌಕಗಳನ್ನಿಟ್ಟು, ಒಂದು ಅಂಚಿನಿಂದ ಸಾಲು ಹಿಡಿದು ಹೊಲಿಗೆ ಹಾಕಬೇಕು. ಬಲಗೈಯ ಕೊನೆಯ ಎರಡು ಬೆರಳು ಬಟ್ಟೆಯನ್ನು ಒತ್ತಿ ಹಿಡಿಯುತ್ತಿದ್ದವು ಅಷ್ಟೇ. ಎಡಗೈಯ ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು. ಸೂಜಿಗೆ ದಾರ ಪೋಣಿಸಲಂತೂ ಅವರಿಂದಾಗದು. ದೊಡ್ಡಮ್ಮ ಬೆಳಗ್ಗೆ ಎದ್ದವರೇ ಕನ್ನಡಕ ಏರಿಸಿಕೊಂಡು ಸಾಲು ಸೂಜಿಗಳಿಗೆ ದಾರ ಹಾಕಿ, ಪುಟ್ಟ ದಿಂಬೊಂದಕ್ಕೆ ಚುಚ್ಚಿ ಕಿಟಕಿಯ ಮೇಲಿಡುತ್ತಿದ್ದರು. ಹಾಕಿಕೊಡು ಅಂತ ದೊಡ್ಡಪ್ಪ ಕೇಳಿರಲಿಲ್ಲ, ಹಾಕಿಟ್ಟಿದ್ದೇನೆ ಅಂತ ದೊಡ್ಡಮ್ಮ ಹೇಳಲೂ ಇಲ್ಲ.

ಮೊದಲ ಸಾಲು ಮುಗಿದಾಗ ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಹೊಲಿಗೆ ಅಕ್ಕಿಕಾಳಿನಷ್ಟು, ಇನ್ನೊಂದು ಹುಣಸೆಬೀಜದಷ್ಟು. ಗೆರೆ ಒಂದು ಕಡೆಯಿಂದ ಹೊರಟು ಎಲ್ಲಿಗೋ ಹೋಗಿತ್ತು. ಎಷ್ಟೋ ಸಾವಿರ ಅಂಗಿಗಳನ್ನು ಕೂದಲೆಳೆ ಆಚೀಚೆ ಆಗದಂತೆ ಕತ್ತರಿಸಿದ ಮನುಷ್ಯ. ಬ್ಲೇಡು ತೆಗೆದುಕೊಂಡು ಬಿಚ್ಚಲು ಕೂತರು.

ಮಲ್ಲಿ ಹಾಸಿಗೆಯಿಂದ ಎದ್ದು ಬಂದು ಬ್ಲೇಡು ಕಿತ್ತುಕೊಂಡಳು. “ಬಿಚ್ಚಿದ್ರೆ ನಾನಿದನ್ನ ಹೊದೆಯಲ್ಲ, ಹೇಳಿರ್ತೀನಿ.”

“ಹೀಗಿದ್ರೆ ಜನ ನಗ್ತಾರೆ ಕಣೇ.”

“ನಗ್ಲಿ. ಆ ಕೋಣೆಯಲ್ಲಿ ನಗೋಕೆ ಬೇರೆ ಏನಿದೆ?”

ಆಮೇಲೆ ಅವರು ಅದನ್ನು ಆಸ್ಪತ್ರೆಗೇ ಹೊತ್ತುಕೊಂಡು ಹೋಗತೊಡಗಿದರು. ಹೊಲಿದಾದ ತುದಿ ಮಲ್ಲಿಯ ಕಾಲಿನ ಮೇಲೆ, ಆಗದ ತುದಿ ದೊಡ್ಡಪ್ಪನ ತೊಡೆಯ ಮೇಲೆ. ಅವಳು ಹೊದ್ದುಕೊಂಡೇ ಇರುವಾಗ ಇವರು ಹೊಲಿಯುತ್ತಿದ್ದರು. ಮೊದಲ ದಿನ ನರ್ಸಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. “ಏನು ಮಾಸ್ತರೇ, ಇಲ್ಲಿ ನಾವು ಚುಚ್ಚೋದು ಸಾಲದು ಅಂತ ನೀವೂ ಸೂಜಿ ತಂದ್ರಾ?” ಅಂದಳು. ಹಾಗಂದವಳು ಬೈದು ಕಳಿಸಲಿಲ್ಲ, ಸೂಜಿ ಎಲ್ಲೂ ಬೀಳಿಸಬಾರದು ಎಂದು ಮಾತು ಪಡೆದು ಹೋದಳು. ಪಕ್ಕದ ಮಂಚದವರು ಇವತ್ತು ಎಲ್ಲಿಗೆ ಬಂತು ಅಂತ ವಿಚಾರಿಸುತ್ತಿದ್ದರು. ಜೇಬಿನಲ್ಲೇ ಇರುತ್ತಿದ್ದ ಕೈ ಎಲ್ಲರ ಕಣ್ಣೆದುರೇ ಬಟ್ಟೆಯ ಮೇಲಿತ್ತು. ದೊಡ್ಡಪ್ಪನಿಗೆ ಅದರ ಪರಿವೆಯೇ ಇದ್ದಂತಿರಲಿಲ್ಲ.

ಒಂದು ಸಲ ದೊಡ್ಡಮ್ಮ ಹುಷಾರಿಲ್ಲದೆ ಮಲಗಿದ್ದರಿಂದ ಆಸ್ಪತ್ರೆಗೆ ಊಟ ತೆಗೆದುಕೊಂಡು ಹೋದದ್ದು ನಾನು. ನಾನು ದೊಡ್ಡಪ್ಪನ ಬೆನ್ನ ಹಿಂದೆ ಬಂದು ನಿಂತಾಗ ಮಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು. “ಕೈ ಈಗ್ಲೂ ನೋಯುತ್ತಾ ಅಪ್ಪಾ?”

ಅಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅವರು ಹೊಲಿಯುತ್ತಲೇ ಹೇಳಿದರು, “ನೋವಿಲ್ಲ. ಒಂದೊಂದು ಸಲ ತುರಿಸುತ್ತೆ. ಇಲ್ದೇ ಇರೋ ಬೆರಳು.”

“ಹಾಗಾದ್ರೆ ಎಲ್ಲಿ ಕೆರ್ಕೊಳ್ತೀಯಾ?”

ದೊಡ್ಡಪ್ಪ ನಕ್ಕುಬಿಟ್ಟರು. ಆಮೇಲೆ ದನಿ ತಗ್ಗಿಸಿ, “ಆವತ್ತು ಉಕ್ಕಿನ ಬಲೆಯ ಗ್ಲೌಸು ಕೊಟ್ಟಿದ್ರು ಕಣೇ. ಸೆಕೆ ಅಂತ ನಾನೇ ಬಿಚ್ಚಿಟ್ಟಿದ್ದೆ. ನಿಮ್ಮಮ್ಮನಿಗೆ ಹೇಳಿಲ್ಲ” ಅಂದರು.

“ಅಮ್ಮನಿಗೆ ಗೊತ್ತು.”

“ಯಾರು ಹೇಳಿದ್ರು?”

“ನೀನೇ. ಜ್ವರದಲ್ಲಿ ಬಡಬಡಿಸ್ತಿದ್ಯಂತೆ.”

ಅವರ ಸೂಜಿ ಅಲ್ಲೇ ನಿಂತಿತು. ನನ್ನನ್ನು ಕಂಡು ಇಬ್ಬರೂ ಮಾತು ಬದಲಿಸಿದರು.

ಕೌದಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿತ್ತು. ಅಕ್ಕನ ಪರೀಕ್ಷೆಗಳೂ ಹೆಚ್ಚುಕಡಿಮೆ ಮುಗಿಯುತ್ತ ಬಂದು, ಎಲ್ಲರ ಮುಖದಲ್ಲೂ ಒಂದಿಷ್ಟು ಕಳೆ ಬಂದಿತ್ತು. ಒಂದು ಬೆಳಗ್ಗೆ ಆಸ್ಪತ್ರೆಗೆ ಹೊರಡಲು ಆಟೋ ಬಂದು ನಿಂತಿದೆ, ಮಲ್ಲಿ ಕನ್ನಡಿ ಮುಂದೆ ಕೂತು ಜಡೆ ಹಾಕಿಕೊಳ್ಳುತ್ತಿದ್ದಾಳೆ. “ಅಮ್ಮಾ, ಆ ರಬ್ಬರ್ ಬ್ಯಾಂಡ್ ಕೊಡು” ಅಂದವಳು ಹಾಗೇ ಪಕ್ಕಕ್ಕೆ ವಾಲಿದಳು. ದೊಡ್ಡಮ್ಮ ಕೈ ಚಾಚುವಷ್ಟರಲ್ಲಿ ನೆಲದ ಮೇಲಿದ್ದಳು. ಅದೇ ಆಟೋದಲ್ಲಿ ಎತ್ತಿಕೊಂಡು ಹೋದರು. ಹೃದಯ ನಿಂತಿದೆ ಅಂದರು. ಅಷ್ಟೇ.

ಮಣ್ಣು ಮಾಡುವ ಮೊದಲು ಅವಳನ್ನು ಅಂಗಳದಲ್ಲಿ ಮಲಗಿಸಿದಾಗ ನನ್ನ ಅಮ್ಮ ಅಳುತ್ತ ಒಳಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ಕೌದಿ ತಂದಳು. ಸೂಜಿ ಇನ್ನೂ ಅದರಲ್ಲೇ ಇತ್ತು. ಹೊದಿಸಲು ಬಗ್ಗಿದಾಗ ದೊಡ್ಡಪ್ಪ ಮೂಲೆಯಿಂದ ಎದ್ದು ಬಂದು ಅದನ್ನು ಅಮ್ಮನ ಕೈಯಿಂದ ತೆಗೆದುಕೊಂಡರು.

“ಇದು ಆಗಿಲ್ಲ” ಅಂದರು. ಮಡಚಿ ಎದೆಗವಚಿಕೊಂಡು ಒಳಗೆ ಹೋದರು.

ಮತ್ತೆ ಹೊಲಿಗೆ ನಿಂತಿತು. ದೊಡ್ಡಮ್ಮ ಆ ಬೆಳಗ್ಗೆ ದಾರ ಪೋಣಿಸಿಟ್ಟ ಸೂಜಿಗಳು ದಿಂಬಿನಲ್ಲೇ ತುಕ್ಕು ಹಿಡಿದವು. ಯಾರೂ ಅದನ್ನು ಕಿಟಕಿಯಿಂದ ಎತ್ತಲಿಲ್ಲ. ದೊಡ್ಡಪ್ಪ ಬೆಳಗ್ಗೆ ಎದ್ದು ಜಗಲಿಯಲ್ಲಿ ಕೂತರೆ ಊಟಕ್ಕೆ ಏಳುವರು, ಮತ್ತೆ ಬಂದು ಕೂರುವರು. ನಾನು ಹೋದಾಗ “ಬಂದ್ಯಾ” ಅನ್ನುವರು, ಹೊರಟಾಗ “ಹೊರಟ್ಯಾ” ಅನ್ನುವರು. ಬಲಗೈ ಮತ್ತೆ ಜೇಬು ಸೇರಿತ್ತು.

ಹೀಗೆ ಎಷ್ಟು ತಿಂಗಳು ಹೋದವೋ. ಒಂದು ಮಧ್ಯಾಹ್ನ ದೊಡ್ಡ ಮಗಳು ಬಂದಳು. ಅವಳು ಮೊದಲಿನಿಂದಲೂ ಗಂಭೀರ, ಅಳತೆಯ ಮಾತು. ಬಂದವಳೇ ಏಣಿ ಹಾಕಿ ತಾನೇ ಅಟ್ಟ ಹತ್ತಿ ತನ್ನ ನೀಲಿ ಗಂಟು ಇಳಿಸಿ, ತಂದು ಅಪ್ಪನ ಮುಂದಿಟ್ಟಳು.

“ಇದನ್ನ ಹೊಲಿದುಕೊಡು.”

“ಆಗಲ್ಲಮ್ಮ.”

“ಅವಳಿಗೆ ಆಗ್ತಿತ್ತು.”

“ಆಗಲ್ಲ ಅಂದ್ನಲ್ಲ.”

“ನಾನು ಬದುಕಿದೀನಲ್ಲಪ್ಪಾ!” ಅವಳ ದನಿ ಬೀದಿಗೆ ಕೇಳುವಷ್ಟು ಏರಿತು. “ನನಗೆ ಚಳಿ ಆಗಲ್ವಾ? ನಾನೂ ಸಾಯೋ ಹಾಗಾದ್ರೆ ಮಾತ್ರ ಹೊಲಿತೀಯಾ?”

ಆಡಿದ ಮೇಲೆ ಅವಳಿಗೇ ಹೆದರಿಕೆಯಾಗಿರಬೇಕು. ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ತಂಗಿಗೆ ಕೊಡಬೇಕಿದ್ದ ಕಿಡ್ನಿ ತನ್ನೊಳಗೇ ಉಳಿಯಿತು ಅನ್ನುವುದು ಅವಳನ್ನು ಎಷ್ಟು ತಿಂದಿತ್ತೋ ಯಾರಿಗೆ ಗೊತ್ತು. ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ದೊಡ್ಡಪ್ಪ ಎದ್ದು ಬಂದು ಅವಳ ಪಕ್ಕ ಕೂತರು. ಜೇಬಿನ ಕೈ ತೆಗೆದು ಅವಳ ಬೆನ್ನ ಮೇಲಿಟ್ಟರು. ಆಮೇಲೆ ಒಳಗೆ ಕೂಗಿ ಹೇಳಿದರು, “ಏ ಇವಳೇ, ಹೊಸ ಸೂಜಿ ಇದೆಯಾ ನೋಡು.”

ನೀಲಿ ಕೌದಿ ಮುಗಿಯಲು ಬಹಳ ಕಾಲ ಹಿಡಿಯಿತು. ಅವರು ಖುಷಿಯಿಂದ ಹೊಲಿದರು ಎಂದು ಹೇಳಲಾರೆ. ಎಷ್ಟೋ ದಿನ ಸೂಜಿ ಹಿಡಿದು ಬೀದಿ ನೋಡುತ್ತ ಕೂತಿರುತ್ತಿದ್ದರು. ಆದರೆ ಬೆಳಗ್ಗೆ ಕೂರುವುದನ್ನು ತಪ್ಪಿಸಲಿಲ್ಲ. ಕೈ ಪಳಗುತ್ತ ಬಂತು. ಮೊದಲು ಹೊಲಿಗೆಯ ಗೆರೆ ನೆಟ್ಟಗಾಯಿತು, ಆಮೇಲೆ ಹೊಲಿಗೆಗಳು ಒಂದೇ ಗಾತ್ರಕ್ಕೆ ಬಂದವು. ದೊಡ್ಡವಳು ಅದನ್ನು ತೆಗೆದುಕೊಂಡು ಹೋಗುವಾಗ ಕೌದಿಯಲ್ಲಿ ಒಂದು ಸಲ ಮುಖ ಒತ್ತಿಕೊಂಡಳು. ಚಿಕ್ಕವಳ ಹಸಿರು ಕೌದಿ ಬೇಗ ಆಯಿತು. ಅದನ್ನು ನೋಡಿ ಪಕ್ಕದ ಓಣಿಯ ದರ್ಜಿ, ಎಡಗೈಯಲ್ಲಿ ಇಂಥ ಹೊಲಿಗೆ ಕಂಡಿಲ್ಲ ಎಂದು ಹೊಗಳಿ, ಆ ಹಳೆಯ ಕತ್ತರಿಯನ್ನು ಒರೆಸಿ ವಾಪಸು ತಂದುಕೊಟ್ಟ. ದೊಡ್ಡಪ್ಪ ಹಿಡಿದು ನೋಡಿ, ತಮ್ಮ ಕೈಗೆ ಅದು ಕೂರುವುದಿಲ್ಲವೆಂದು ಅವನಿಗೇ ಕೊಟ್ಟು ಕಳಿಸಿದರು.

ಮಲ್ಲಿಯ ಕೌದಿ ಮಾತ್ರ ಬೀರುವಿನಲ್ಲಿತ್ತು. ಅದರ ಸುದ್ದಿ ಯಾರೂ ಎತ್ತಲಿಲ್ಲ.

ಎತ್ತಿದ್ದು ಅಳಿಯ, ಮಲ್ಲಿಯ ಗಂಡ. ಅವನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತ್ತು, ಮನೆ ಖಾಲಿ ಮಾಡುತ್ತಿದ್ದ. ಹೇಳಿ ಹೋಗಲು ಬಂದವನು ಚಹಾ ಕುಡಿದ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತ.

“ಮಾವ, ಅವಳ ಕೌದಿ ಇದೆಯಲ್ಲ. ಅದನ್ನ ನಾನು ತಗೊಂಡು ಹೋಗ್ಲಾ?”

“ಅದು ಆಗಿಲ್ಲವಲ್ಲಪ್ಪ.”

“ಹಾಗೇ ಕೊಡಿ, ಪರವಾಗಿಲ್ಲ.”

“ಅರ್ಧಂಬರ್ಧ ಹೇಗೆ ಕೊಡ್ಲಿ?” ಅಂದರು ದೊಡ್ಡಪ್ಪ. “ಹೊರಡೋದು ಯಾವಾಗ?” ಅಂತ ಕೇಳಿದರು. ಮುಂದಿನ ತಿಂಗಳು ಅಂದ. “ಹಾಗಾದ್ರೆ ಹೊರಡೋ ದಿನ ಬಾ.”

ಮಾರನೇ ಬೆಳಗ್ಗೆ ಬೀರು ತೆರೆದರು. ಕೌದಿ ಬಿಚ್ಚಿದಾಗ ಅದರಿಂದ ಆಸ್ಪತ್ರೆಯ ವಾಸನೆ ಬಂತಂತೆ. ದೊಡ್ಡಮ್ಮ ಒಗೆಯುತ್ತೇನೆ ಅಂದರು, ದೊಡ್ಡಪ್ಪ ಬಿಡಲಿಲ್ಲ. ಸೂಜಿ ನಿಂತಿದ್ದ ಕಡೆಯೇ ಹಿಡಿದು ಮುಂದುವರಿಸಿದರು. ಈಗ ಅವರ ಕೈ ಸರಾಗವಾಗಿ ಓಡುತ್ತಿತ್ತು. ಕೆಲವೇ ದಿನಗಳಲ್ಲಿ ಒಂದಷ್ಟು ಸಾಲು ಮುಗಿದವು. ಆಮೇಲೊಂದು ದಿನ ಪೂರ್ತಿ ಹರಡಿ ನೋಡಿದವರು ಹಾಗೇ ಕೂತುಬಿಟ್ಟರು.

ಅರ್ಧ ದಾಟುವವರೆಗೆ ಸೊಟ್ಟಂಬಟ್ಟ, ಹುಣಸೆಬೀಜ, ಅಕ್ಕಿಕಾಳು. ಅಲ್ಲಿಂದ ಮುಂದೆ ಗೆರೆ ಎಳೆದಂಥ ನೆಟ್ಟಗಿನ ಸಾಲುಗಳು. ಮಲ್ಲಿ ಇದ್ದದ್ದು ಎಲ್ಲಿಯವರೆಗೆ ಎನ್ನುವುದು ಬಟ್ಟೆಯ ಮೇಲೆ ಎದ್ದು ಕಾಣುತ್ತಿತ್ತು.

ಅವರು ಬ್ಲೇಡು ಹುಡುಕುವುದನ್ನು ಕಂಡು ದೊಡ್ಡಮ್ಮ ಬಂದರು. “ಏನು ಮಾಡ್ತಿದೀರಿ?”

“ಈ ಹೊಸ ಸಾಲು ಬಿಚ್ತೀನಿ. ಮೊದಲಿನ ಹಾಗೇ ಹಾಕ್ತೀನಿ.”

“ಬೇಕು ಅಂತ ಸೊಟ್ಟ ಹಾಕ್ತೀರಾ?”

“ಇದನ್ನ ಅವಳು ನೋಡಿಲ್ಲ ಕಣೇ. ಕೈ ಕೂತದ್ದನ್ನ ಅವಳು ನೋಡ್ಲೇ ಇಲ್ಲ. ಅವಳ ಕಾಲ ಮೇಲೆ ಇದ್ದದ್ದೆಲ್ಲ ಆ ದರಿದ್ರ ಹೊಲಿಗೆ. ಒಳ್ಳೇದು ಬಂದಾಗ ಅವಳಿಲ್ಲ.”

ದೊಡ್ಡಮ್ಮ ಬ್ಲೇಡನ್ನು ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ಕೌದಿಯ ಅಂಚು ಕೈಗೆತ್ತಿಕೊಂಡರು. “ನಾನೂ ಅವಳಿದ್ದಾಗ ದಿನಾ ಬೈತಿದ್ದೆ. ನೀರು ಜಾಸ್ತಿ ಕುಡೀಬೇಡ, ಉಪ್ಪು ತಿನ್ಬೇಡ, ಸುಮ್ನೆ ಮಲಗು. ಈಗ ಒಳ್ಳೇ ಮಾತು ಎಷ್ಟೊಂದು ಬಾಯಿಗೆ ಬರುತ್ತೆ. ಅದನ್ನೆಲ್ಲ ಎಲ್ಲಿ ಬಿಚ್ಚಲಿ ಹೇಳಿ?”

ಅವರು ಬಿಚ್ಚಲಿಲ್ಲ. ಆವತ್ತು ಹೊಲಿಯಲೂ ಇಲ್ಲ. ಮಾರನೇ ದಿನದಿಂದ ಮತ್ತೆ ಕೂತರು, ಕೈಗೆ ಬಂದ ಹಾಗೆ ನೆಟ್ಟಗೇ ಹೊಲಿದರು. ಸೊಟ್ಟ ಹಾಕಲು ಒಮ್ಮೆ ಪ್ರಯತ್ನಪಟ್ಟೆ, ಆಗಲಿಲ್ಲ ಎಂದು ಬಹಳ ಕಾಲದ ನಂತರ ನನಗೆ ಹೇಳಿದರು.

ಊರಿಗೆ ಹೊರಡುವ ದಿನ ಅಳಿಯ ಬಂದ. ಕೌದಿಯನ್ನು ಮಂಚದ ಮೇಲೆ ಹರಡಿ ತೋರಿಸಿದರು. ಅವನು ಮೊಣಕಾಲೂರಿ, ಮೊದಲ ಸಾಲಿನಿಂದ ಬೆರಳಾಡಿಸುತ್ತ ಬಂದ. ಗಂಟುಗಂಟಾದ ಹೊಲಿಗೆಗಳ ಮೇಲೆ ಬೆರಳು ತಡೆತಡೆದು ಸಾಗುತ್ತಿತ್ತು. ನುಣುಪಾದ ಕಡೆ ಬಂದಾಗ ನಿಂತಿತು. ಅಲ್ಲಿಂದ ಮುಂದೆ ಅವನು ಮುಟ್ಟಲಿಲ್ಲ.

“ಚೆನ್ನಾಗಿದೆ ಮಾವ” ಅಂದ. ಮಡಚಿ ಚೀಲಕ್ಕೆ ಹಾಕಿಕೊಂಡ. ದೊಡ್ಡಮ್ಮನ ಕಾಲು ಮುಟ್ಟಿದ. ದೊಡ್ಡಪ್ಪ ಬಸ್ಸಿನವರೆಗೂ ಜೊತೆಗೆ ಹೋಗಿ ಬಂದರು.

ಆ ಮಧ್ಯಾಹ್ನ ಏನೂ ಗೊತ್ತಿಲ್ಲದೆ ನಾನು ಅವರ ಮನೆಗೆ ಹೋದೆ. ದೊಡ್ಡಮ್ಮ ಬಾಗಿಲು ಮುಚ್ಚಿ ಹೊರಗೆ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು.

“ದೊಡ್ಡಪ್ಪ ಇಲ್ವಾ?”

“ಇದಾರೆ. ಈಗ ಒಳಗೆ ಹೋಗ್ಬೇಡ, ಕೂತ್ಕೋ.”

ಕೂತೆ. ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಸದ್ದು ಬರುತ್ತಿತ್ತು. ಗಂಡಸೊಬ್ಬ ಹಾಗೆ ದನಿ ತೆಗೆದು ಅಳುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಲ್ಲಿ ಹೋದ ದಿನವೂ ಅವರು ಅತ್ತಿರಲಿಲ್ಲ. ನಾನು ಏಳಲು ಹೋದಾಗ ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯಾಕೆ “ಮಾಸ್ತರು ಮನೇಲಿದಾರಾ?” ಅಂತ ಕೇಳಿದಳು. “ಮಲಗಿದಾರೆ, ಆಮೇಲೆ ಬಾರಮ್ಮ” ಅಂದರು ದೊಡ್ಡಮ್ಮ. ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದರು. ಇಬ್ಬರೂ ಬಟಾಣಿ ಬಿಡಿಸುತ್ತ ಕೂತೆವು.